ಒಂದೂವರೆ ಕಿಲೊ ಸ್ಪೇನ್

ಡ್ರಾಯಿಂಗ್ ಮೇಷ್ಟ್ರು ಗಾದ್ರಿಪಾಲಯ್ಯನವರ ಮೇಜಿನ ಮೇಲೆ
ಬೆನ್ನು ಹರಿದ ಒಂದು ಪುಸ್ತಕವಿತ್ತು.
ಸಂತೆ ಹೊಂಡದ ಹತ್ತಿರದ ರದ್ದಿ ಅಂಗಡಿಯಲ್ಲಿ
ತೂಕಕ್ಕೆ ಕೊಂಡದ್ದು:
ಒಂದೂವರೆ ಕಿಲೊ ಸ್ಪೇನ್.

ಚಿತ್ರ ಬರೆದವನ ಹೆಸರಿದ್ದ ಹಾಳೆಯನ್ನು
ಯಾರೋ ಶೇಂಗಾ ಕಟ್ಟಲು ಹರಿದುಕೊಂಡಿದ್ದರು.
ಹಾಗಾಗಿ ಅವನು ನಮಗೆ ಬರೀ ದೊರೆ.
ರಾಣಿಯ ಕಾಲದವನು,
ನೆಗಡಿಯ ಊರಿಂದ ಬಿಸಿಲಿನ ಊರಿಗೆ
ಹೇಸರಗತ್ತೆ ಏರಿ ಹೋದವನು.

ಒಂಬತ್ತನೇ ಬಿ ಸೆಕ್ಷನ್ನಿನ ಹುಡುಗಿಯರು ನಾವು
ಕೈಯಿಂದ ಕೈಗೆ ದಾಟಿಸಿ ನೋಡಿದೆವು:
ಜೇನುಹುಟ್ಟು ಬೋರಲು ಹಾಕಿದಂಥ ಚಾವಣಿ,
ಕುದುರೆ ಲಾಳದ ಕಮಾನು,
ಅಂಗಳದ ನಡುವೆ ಕದಲದ ಕೊಳ,
ಕೊಳದೊಳಗೆ ತಲೆಕೆಳಗಾಗಿ ಇನ್ನೊಂದು ಅರಮನೆ.
ಕೊಳದ ಬದಿಗೆ ಒಬ್ಬ ಹೆಂಗಸು.
ಅವಳಿಗೆ ಸಿಕ್ಕದ್ದು ಎರಡೇ ಗೀಟು,
ಒಂದು ಕೆಂಪು, ಒಂದು ಕಪ್ಪು. ಮುಖವಿಲ್ಲ.

'ನಮ್ಮ ಮಸೀದಿ ಬಾಗ್ಲ ಥರಾನೇ ಐತೆ' ಅಂದಳು ಷಮೀಮಾ.
ಮೇಷ್ಟ್ರು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.
ಕುಂಚ ನೆಕ್ಕಿ ಮೊನೆ ಮಾಡಿ ತೋರಿಸಿದರು:
'ಆಕಾಶ ನೋಡ್ರಿ. ಬಲಮೂಲೆಗೆ ಒಂದು ಗೆರೆ ಕಾಣ್ತೈತಲ್ಲ,
ಅಲ್ಲಿಗೆ ಬರೋದ್ರೊಳಗೆ ನೀಲಿ ಒಣಗಿಬಿಡ್ತು ಅವನಿಗೆ.
ಅವನ ಊರಾಗೆ ಬಣ್ಣ ಆರಾಕೆ ಅರ್ಧ ದಿನ.
ದೊರೆ ಬಿಸಿಲಿಗೆ ಸೋತ ಜಾಗ ಇದು.'

ಶನಿವಾರ ನಮ್ಮನ್ನು ಕೋಟೆ ಹತ್ತಿಸಿದರು.
ಮಾರ್ಚಿ ತಿಂಗಳು. ಗೋಪಾಲಸ್ವಾಮಿ ಹೊಂಡ ಪಾಚಿಗಟ್ಟಿತ್ತು.
ತಲಾ ಎರಡು ಸೀಸೆ ಮನೆಯ ನೀರು,
ಉಪ್ಪಿನಕಾಯಿ ವಾಸನೆ ಇನ್ನೂ ಬಿಡದ್ದು;
ನಲ್ಲಿ ಬಂದು ಆರು ದಿನವಾಗಿತ್ತೆಂದು
ಅವ್ವ ಬೈದು ತುಂಬಿಸಿದ್ದು.
ಬಂಡೆ ಕಾದ ಹೆಂಚು.
ನೀಲಿ ಎಳೆದರೆ
ಅರ್ಧ ಆಕಾಶಕ್ಕೇ ತಳ ಹಿಡಿಯಿತು.
ಹದಿನೇಳು ಹಾಳೆಗಳಲ್ಲೂ ಅದೇ ಗೆರೆ.
ಒಂದೊಂದನ್ನೇ ಎತ್ತಿ ಹಿಡಿದು ಮೇಷ್ಟ್ರು ನಕ್ಕರು,
ನಾಲ್ಕು ವರ್ಷದಲ್ಲಿ ಮೊದಲ ಸಲ.

ಕಲ್ಲಿನ ಸಂದಿಯ ಹುಲ್ಲು ಕೀಳುತ್ತಿದ್ದ
ಕೂಲಿಯಾಕೆ ಹಿಂದೆ ಬಂದು ನಿಂತಳು.
ನನ್ನ ಹಾಳೆಯ ಅಂಚಿಗೆ ಬೆರಳಿಟ್ಟಳು.
'ಇದು ನಾನೇನವ್ವ? ಮುಖ ಎಲ್ಲಿ?'
ಪುಸ್ತಕದಲ್ಲಿ ಹೀಗೇ ಇದೆ ಅನ್ನಲು ನಾಚಿಕೆಯಾಗಿ,
'ಈಗ ಬರೀತೀನಿ, ಕೂತ್ಕ' ಅಂದೆ.
ಕೂತಳು. ಸೆರಗಿನಿಂದ ಹಣೆ ಒರೆಸಿಕೊಂಡಳು.
ಕಣ್ಣು ನನ್ನ ಸೀಸೆಯ ಮೇಲೆ.
'ಅದು ಕುಡಿಯಾ ನೀರಾ?'

ಬಣ್ಣ ಕಲೆಸಲು ಉಳಿದಿದ್ದ ತಿಳಿನೀರು.
ಕತ್ತೆತ್ತಿ, ತುಟಿಗೆ ತಾಗಿಸದೆ,
ಅವಳು ತನ್ನ ಮುಖವನ್ನಷ್ಟೂ ಕುಡಿದಳು.

ಆ ಹಾಳೆ ಇನ್ನೂ ಇದೆ ನನ್ನ ಟ್ರಂಕಿನಲ್ಲಿ.
ಎರಡು ಗೀಟು, ಒಂದು ಕೆಂಪು, ಒಂದು ಕಪ್ಪು.
ದೊರೆಯನ್ನು ಬೈಯಲು ಬಾಯಿ ಬರುವುದಿಲ್ಲ ನನಗೆ.
ಅಲ್ಲೂ ಆ ಹೆಂಗಸು
ಏನು ಕೇಳಿದ್ದಳೋ.