ಎಡಕ್ಕೆ, ಇನ್ನೂ ಸ್ವಲ್ಪ

ಪೆನ್ಷನ್ ಮೊಹಲ್ಲಾದಲ್ಲಿ ಆಗ ಇದ್ದದ್ದು ಮೂರೇ ಟೀವಿ.
ನಮ್ಮ ಬೀದಿಯದು ಪೋಸ್ಟ್‌ಮಾಸ್ಟರ್ ದ್ಯಾವಪ್ಪನವರದು,
ಮರದ ಬಾಗಿಲಿನದು, ಬೀಗ ಹಾಕುವಂಥದು.
ಬುಧವಾರ ಎಂಟಕ್ಕೆ ಬೀಗ ತೆಗೆದರೆ
ಹಜಾರದಲ್ಲಿ ನಲವತ್ತು ಜನ,
ಹೊಸಿಲಾಚೆ ನಲವತ್ತು ಜೊತೆ ಚಪ್ಪಲಿ,
ಹೆಂಚಿನ ಮೇಲೆ ನಾನೊಬ್ಬಳು.

ಆಂಟೆನಾ ಹಿಡಿಯಲು ಹಗುರ ಮೈ ಬೇಕಂತೆ,
ಹೆಂಚು ಒಡೆಯಬಾರದಂತೆ.
ಹನ್ನೊಂದು ವರ್ಷದ ಶಂಶಾದ್
ತೂಕಕ್ಕೂ ಸರಿ, ಬೈಯುವುದಕ್ಕೂ ಸರಿ.
"ಎಡಕ್ಕೆ!" ಅನ್ನುತ್ತಿದ್ದರು ಕಿಟಕಿಯಿಂದ.
ಯಾರ ಎಡ ಅಂತ ಯಾರೂ ಹೇಳಲಿಲ್ಲ.
"ಬಂತಾ?" ಅಂತ ನಾನು.
"ಹೋಯ್ತು! ಹಾಂ, ಬಂತು ಬಂತು!
ಹಾಗೇ ಇರು, ಉಸಿರಾಡಬೇಡ!"

ದೂರದಲ್ಲಿ, ಸಾಲಗಾಮೆ ರಸ್ತೆಯ ಕಡೆ, ಒಂದು ಕೆಂಪು ದೀಪ.
ಅಲ್ಲಿ ಬೇಲಿಯೊಳಗೆ ಮನೆಯಷ್ಟು ದೊಡ್ಡ ಬಿಳಿ ಬೋಗುಣಿಗಳು
ಮೇಲಿನ ಉಪಗ್ರಹವನ್ನು ಕೂದಲೆಳೆಯಷ್ಟು ಸರಿಸಿ ನಿಲ್ಲಿಸುತ್ತವೆ ಅಂತ
ಮೇಷ್ಟ್ರು ಹೇಳಿದ್ದರು.
ದೇಶಕ್ಕೆಲ್ಲ ಚಿತ್ರ ಹಂಚುವ ಊರು ಹಾಸನ.
ಆ ಊರಲ್ಲೇ ಚಿತ್ರ ನಿಲ್ಲಬೇಕಾದರೆ
ನಾನು ಒಂಟಿಕಾಲಲ್ಲಿ ನಿಲ್ಲಬೇಕಿತ್ತು.

ನಾಯಕ ಯಾರೋ ಮ್ಯಾನೇಜರು, ದನಿ ಗಂಭೀರ.
ಅವನು ಮಾತಾಡುವಾಗ ಕೆಳಗೆ ಕೆಮ್ಮು, ಮಗುವಿನ ರಚ್ಚೆ,
ಕಡ್ಲೆಕಾಯಿ ಒಡೆಯುವ ಸದ್ದು.
ಆಮೇಲೆ ಒಂದು ಬಾಗಿಲು ಕಿರ್ರೆನ್ನುವುದು.
ಅಷ್ಟೆ.
ಮಾತೊಂದು ಹುಟ್ಟುವ ಮುಂಚೆಯೇ ನಲವತ್ತು ಜನ ನಕ್ಕುಬಿಡುತ್ತಿದ್ದರು,
ನನ್ನ ಅಂಗಾಲಡಿ ಹೆಂಚು ಅದುರುತ್ತಿತ್ತು.

ಅವನೇ ಸೀಬಯ್ಯ. ಪಕ್ಕದ ಮನೆಯವನು.
ಸಕ್ಕರೆ ಕೇಳಲು ಬಂದು ಸೋಫಾ ಮುರಿದು ಹೋಗುವವನು.
"ತಪ್ಪು ನನ್ನದಲ್ಲ ಸಾರ್, ಮಾಡಿದ್ದು ಮಾತ್ರ ನಾನೇ."
ಆ ಮಾತನ್ನು ಊರೆಲ್ಲ ಕದ್ದಿತು.
ಕಟ್ಟಿನಕೆರೆ ಮಾರ್ಕೆಟ್ಟಲ್ಲಿ ಕೊಳೆತ ಟೊಮೇಟೊ ತೂಗಿದವಳು,
ಲೆಕ್ಕದಲ್ಲಿ ನಪಾಸಾದ ನಮ್ಮಣ್ಣ,
ಪಲ್ಯ ಸೀದ ದಿನ ಅಮ್ಮಿ ಕೂಡ, ನಗದೆ.

ನಾನವನನ್ನು ನೋಡಿಯೇ ಇರಲಿಲ್ಲ.
ನಗುವಿನ ಅಳತೆ ಹಿಡಿದು ಒಬ್ಬನನ್ನು ಹೊಲಿದುಕೊಂಡಿದ್ದೆ:
ಗುಡಾಣದ ಹೊಟ್ಟೆ, ಬೊಕ್ಕ ತಲೆ, ಬಣ್ಣದ ಲುಂಗಿ.
ಒಂದು ಸಂಶಯವಿತ್ತು, ಕೇಳಿಯೂ ಬಿಟ್ಟೆ:
ಪಕ್ಕದ ಮನೆ, ಪಕ್ಕದ ಮನೆ ಅಂತಾರಲ್ಲ,
ಆ ಮನೇನ ಒಮ್ಮೆಯಾದರೂ ತೋರಿಸಿದರಾ?
ಇಲ್ಲವಂತೆ.
ಹಾಗಾದರೆ ಸಕ್ಕರೆ ಒಯ್ದು ಯಾರಿಗೆ ಟೀ ಕಾಸುತ್ತಾನೆ?
ಅವನಿಗೆ ಜ್ವರ ಬಂದರೆ
ಕಥೆಗೆ ಹೇಗೆ ಗೊತ್ತಾಗುತ್ತೆ?
ದ್ಯಾವಪ್ಪನವರು ಕನ್ನಡಕ ಒರೆಸಿದರು:
"ಅದೆಲ್ಲ ಯಾಕಮ್ಮ. ಅವನಿರೋದು ನಗಿಸೋಕೆ.
ಹತ್ತು ಮೇಲಕ್ಕೆ, ಹೊತ್ತಾಯ್ತು."

ಮೊನ್ನೆ ಅಕ್ಕನ ಮಗ ಫೋನು ಚಾಚಿದ,
"ಖಾಲಾ, ನಿಮ್ಮ ಕಾಲದ ಕಾಮಿಡಿ."
ನಲವತ್ತು ವರ್ಷದ ಮೇಲೆ ಕಂಡ ಸೀಬಯ್ಯ:
ಬಡಕಲು. ತಲೆ ತುಂಬ ಕೂದಲು.
ಮೊಣಕೈಗೆ ತೇಪೆ ಹಾಕಿದ ಸ್ವೆಟರು, ಬೇರೆ ಯಾರದೋ ಅಳತೆಯದು.
ಹೊಲಿಗೆಯವಳಿಗೆ ಅದೇ ಮೊದಲು ಕಾಣೋದು.
ಬಾಗಿಲು ಕಿರ್ರೆಂದಿತು, ಹುಡುಗ ನಕ್ಕ,
ನನಗೆ ಬರಲಿಲ್ಲ.

ಬಂದದ್ದು ಬೇರೆ ಕಡೆ.
ನಾಯಕ ಮುಂದೆ ನಿಂತು ಪ್ರಾಮಾಣಿಕತೆ ಬಗ್ಗೆ ಭಾಷಣ;
ಹಿಂದೆ, ಮಸುಕಲ್ಲಿ, ಮಾತಿಲ್ಲದ ಸೀಬಯ್ಯ
ಮೇಜಿನ ಬಾಳೆಹಣ್ಣು ಸುಲಿದ, ತಿಂದ,
ಸಿಪ್ಪೆಯನ್ನು ಮತ್ತೆ ಹಣ್ಣಿನ ಹಾಗೆ ಮಡಿಸಿ
ಬುಟ್ಟಿಯಲ್ಲಿಟ್ಟ.
ಎಷ್ಟು ಜೋಪಾನ, ಅಲ್ಲಾ!
ಯಾರೂ ನೋಡುತ್ತಿಲ್ಲ ಅಂತ ಗೊತ್ತಿದ್ದವನ ಕಸುಬು.
ತುಟಿಯಲ್ಲಿ ಕಚ್ಚಿದ್ದ ಸೂಜಿ ಉದುರುವ ಹಾಗೆ ನಕ್ಕೆ.
ಹುಡುಗ ಫೋನನ್ನೂ ನನ್ನನ್ನೂ ನೋಡಿದ.

ಅಷ್ಟರಲ್ಲಿ ಚಿತ್ರಕ್ಕೆ ಗೆರೆ ಬಿತ್ತು,
ಸೀಬಯ್ಯನ ಮುಖ ಒಂದು ಕಿವಿಯಿಂದ ಇನ್ನೊಂದಕ್ಕೆ ಜಾರಿತು.
"ಹಳೇ ಟೇಪು" ಅಂದ ಹುಡುಗ.
ಇರಬಹುದು.
ಆದರೆ ಒಂದು ಬುಧವಾರ ಸೊಳ್ಳೆ ಕಚ್ಚಿ
ನಾನು ಕಾಲು ತುರಿಸಿಕೊಂಡದ್ದು ನಿಜ.
ತಪ್ಪು ನನ್ನದಲ್ಲ ಸಾರ್.

ಕೈ ತಾನಾಗಿ ಮೇಲೆ ಹೋಗಿ
ಇಲ್ಲದ ಪೈಪು ಹಿಡಿದು
ಎಡಕ್ಕೆ, ಯಾರ ಎಡವೋ,
ಇನ್ನೂ ಸ್ವಲ್ಪ ತಿರುಗಿಸಿತು.

ಬಂತಾ?