ಗಂಧಕ

ಹೋದ ವರ್ಷದ ಜ್ವರ ಮೂಗಿನ ಕೆಲಸ ಕಿತ್ತುಕೊಂಡಿತು.
ಈಗ ಕಾರವಾರದ ಮೀನುಪೇಟೆಯಲ್ಲೂ
ನನಗೆ ಬರೀ ಗಾಳಿ.

ಕಾಳಿಯ ನೀರಿಳಿದಾಗ ಶೇವಂತಿ ಚಿಕ್ಕಮ್ಮ
ಮೊಣಕಾಲುದ್ದ ಕೆಸರಲ್ಲಿ ಬಳಚು ಹೆಕ್ಕುತ್ತಾಳೆ.
ಒಂದು ಹಿಡಿ ಎತ್ತಿ ಮೂಸಿ,
"ಇಲ್ಲಿ ಕೊಳೆತದೆ, ಆಚೆ ನಡಿ" ಅನ್ನುತ್ತಾಳೆ.
ನಡೆಯುತ್ತೇನೆ, ಅವಳ ಮೂಗನ್ನು ನಂಬಿ.

ರಾತ್ರಿ ಕೋಡಿಬಾಗದ ಕೋಣೆಯಲ್ಲಿ ಲ್ಯಾಪ್‌ಟಾಪು:
ಯಾವುದೋ ನಕ್ಷತ್ರದ ಮುಂದೆ ಹಾದ ಗ್ರಹ,
ಅದರ ಅಂಚಿನ ಗಾಳಿಯಲ್ಲಿ ಸೋಸಿ ಬಂದ ಬೆಳಕು.
ನಾಲ್ಕು ಮೈಕ್ರಾನಿನ ಬಳಿ ಗೆರೆ ತುಸು ಕುಸಿದಿದೆ,
ಅಲ್ಲಿಷ್ಟು ಬೆಳಕನ್ನು ಯಾರೋ ಚಿವುಟಿದಂತೆ.
ಗಂಧಕದ ಡೈಆಕ್ಸೈಡ್ ಇರಬಹುದು.
ಇರಬಹುದು ಅಷ್ಟೆ.
ಉಪಕರಣದ ಗೊಂದಲವೂ ಒಮ್ಮೊಮ್ಮೆ ಹೀಗೇ ತಗ್ಗು ತೋಡುತ್ತದೆ.
ಏಳೂವರೆ ದಾಟಿದ ಮೇಲೆ ಇನ್ನೊಂದು ಸಿಗಬೇಕು.

ಹೆಸರಲ್ಲೇ ಗಂಧ ಇಟ್ಟುಕೊಂಡದ್ದನ್ನು
ಮೂಗಿಲ್ಲದವಳು ಗೆರೆಯಲ್ಲಿ ಹುಡುಕುತ್ತಿದ್ದೇನೆ.

ಚಿಕ್ಕಮ್ಮ ಹಿಂದಿನಿಂದ ಇಣುಕುತ್ತಾಳೆ.
"ಹ್ಯಾಗಿರ್ತದೆ ಅಲ್ಲಿ ವಾಸನೆ?"
"ಬೆಂಕಿಕಡ್ಡಿ ಗೀರಿದ ಹಾಗೆ" ಅನ್ನುತ್ತೇನೆ,
ನೆನಪಿನಿಂದ.

ಒಲೆಯ ಹತ್ತಿರ ಹೋಗಿ ಒಂದು ಕಡ್ಡಿ ಗೀರುತ್ತಾಳೆ,
ಊದಿ ಆರಿಸುತ್ತಾಳೆ, ಮೂಸುತ್ತಾಳೆ.
"ಅಲ್ಲಿ ಬಳಚು ಸಿಗೂದಿಲ್ಲ."