ಸ್ಮರಣ ಸಂಚಿಕೆಗೆ ಎರಡು ಪುಟ

ಚರಿತ್ರೆ ಬರೆದುಕೊಡಿ ಅಂದರು ಫಾದರ್ ವಿಕ್ಟೋರಿನ್,
ಎರಡೇ ಪುಟ, ಜಾಹೀರಾತು ಹೋಗಿ ಉಳಿದ ಜಾಗಕ್ಕೆ.
ಬರುವ ನವೆಂಬರಿಗೆ ಇಗರ್ಜಿಗೆ ನಲವತ್ತು.
ನಾನು ಪೈಪು ಕಂಪನಿಯ ಉಗ್ರಾಣದಲ್ಲಿ ಲೆಕ್ಕ ಬರೆಯುವವ;
ಚರಿತ್ರೆಯೂ ಒಂದು ದಾಸ್ತಾನೇ ಇರಬೇಕೆಂದು
ಹೂಂ ಅಂದೆ.

ಮೊದಲು ನಮೂದಿಸಬೇಕಾದ್ದು: ಗೋಪುರ ಇಲ್ಲ.
ಹೊರಗೆ ಶಿಲುಬೆ ಇಲ್ಲ. ಗುರೈಫಾಕ್ಕೆ ಹೊಸಬರು ಬಂದರೆ
ಟೈರಿನಂಗಡಿ ದಾಟಿ, ಒಂಟೆ ಚಿತ್ರದ ಫಲಕ ದಾಟಿ,
ನೀರಿನ ಟ್ಯಾಂಕಿರುವ ಬಿಳಿ ಗೋದಾಮು ಎಲ್ಲಿ ಎಂದು ಕೇಳಬೇಕು.
ಗಂಟೆಯೊಂದಿದೆ, ನಿಜ. ಮಂಗಳೂರು ಧಕ್ಕೆಯಿಂದ
ಹಂಚು ತುಂಬಿದ ಮಂಜಿಯ ತಳದಲ್ಲಿ ಬಂದದ್ದು.
ಬಾರಿಸಲು ಅಪ್ಪಣೆಯಿಲ್ಲ. ಸಕ್ರಿಸ್ತಿಯ ಬಾಗಿಲು
ಮರಳುಗಾಳಿಗೆ ಬಡಿಯದ ಹಾಗೆ ನೆಲದಲ್ಲಿ ಕೂತಿದೆ.
ಬಾಗಿಲು ಜೋರಾಗಿ ತಾಗಿದರೆ
ನಿದ್ದೆಯಲ್ಲಿ ಯಾರೋ ಕರೆದವರ ಹಾಗೆ
ಒಂದೇ ಒಂದು ಸಲ ಗುಂಯ್ ಅನ್ನುತ್ತದೆ.

ಆರಂಭ: ತಾಮ್ರ ಕರಗಿಸುವ ಕಾರ್ಖಾನೆಯ ಮೆಸ್ಸು.
ಊಟದ ಮೇಜೇ ಪೀಠ, ಸಾರಿನ ವಾಸನೆ, ಹದಿನೇಳು ಜನ;
ಹೆಸರು ಸಿಕ್ಕಿದ್ದು ಒಂಬತ್ತರದು.
ಗಾರೆಯ ಕಜೆತಾನ್ ಮಿನೇಜಸ್, ಕಿನ್ನಿಗೋಳಿಯವರು,
ಹಗಲು ಸಾಹೇಬರ ಬಚ್ಚಲಿಗೆ ಟೈಲ್ಸ್ ಕೂರಿಸಿ
ರಾತ್ರಿ ಚೂರುಗಳನ್ನು ಗೋಣಿಯಲ್ಲಿ ಹೊತ್ತು ತರುತ್ತಿದ್ದರು.
ಕದ್ದದ್ದೇ, ಎಂದು ಒಮ್ಮೆ ಕೇಳಿದೆ.
ಒಡೆದದ್ದು, ಅಂದರು.
ಹಾಗಾಗಿ ಈ ನೆಲ: ಗುಲಾಬಿ, ಪಾಚಿ ಹಸಿರು, ಅರ್ಧ ಮೀನು,
ಪೀಠದೆದುರು ನಾವು ಮೊಣಕಾಲೂರುವಲ್ಲಿ
ಯಾರದೋ ಸ್ನಾನದಮನೆಯ ನೀಲಿ.

ಜ್ಞಾನಸ್ನಾನದ ತೊಟ್ಟಿ ಎರಡಡಿ ಕೊಳವೆಯ ತುಂಡು.
ಕಂಪನಿಯ ಪುಸ್ತಕದಲ್ಲಿ ಅದಿನ್ನೂ 'ಸಾಗಣೆಯಲ್ಲಿ ಹಾಳು'.
ಬರೆದವನು ನಾನೇ.
ನೀರು ಪಕ್ಕದ ತೋಟದ ಫಲಜಿನದು. ಹಮೂದ್ ಬಿನ್ ಸುವೈದ್
ತನ್ನ ಖರ್ಜೂರದ ಸರದಿಯಲ್ಲಿ ಅರ್ಧ ಗಂಟೆ ಉಳಿಸಿ
ತೋಡಿನ ಕಲ್ಲು ಸರಿಸಿ ಇತ್ತ ಬಿಡುತ್ತಿದ್ದರು.
ನೀರಿಗೆ ನೀವು ಏನು ಓದಿಕೊಳ್ಳುತ್ತೀರೋ ನಿಮಗೆ ಬಿಟ್ಟದ್ದು,
ಕಲ್ಲು ಮಾತ್ರ ಮರೆಯದೆ ಮುಚ್ಚಿ, ಅನ್ನುವರು.
ಈಗ ಮೊಮ್ಮಗ, ಈಗ ಮೋಟಾರು;
ಅರ್ಧ ಗಂಟೆ ಹಾಗೇ ಇದೆ.

ನಮ್ಮ ಭಾನುವಾರ ಶುಕ್ರವಾರ ಬರುತ್ತದೆ.
ಆರಕ್ಕೆ ಮಲಯಾಳಂ, ಎಂಟಕ್ಕೆ ತಗಾಲೋಗ್, ಹತ್ತಕ್ಕೆ ಇಂಗ್ಲಿಷ್,
ಕೊಂಕಣಿಗೆ ತಿಂಗಳಿಗೊಂದು ಸಂಜೆ.
ಅಷ್ಟರಲ್ಲಿ ಮಸೀದಿಯಿಂದ ಕರೆ ಏಳುತ್ತದೆ,
ಅದು ಮುಗಿಯುವ ತನಕ ಫಾದರ್
ಪ್ರಸಂಗ ನಿಲ್ಲಿಸಿ ಕನ್ನಡಕ ಒರೆಸುತ್ತಾರೆ.
ಮಕ್ಕಳು ಫ್ಯಾನಿನ ರೆಕ್ಕೆ ಎಣಿಸುತ್ತವೆ.

ತೆನೆ ಹಬ್ಬಕ್ಕೆ ಒಂದು ವರ್ಷ ಸೆವ್ರಿನ್ ಬಾಯಿ
ಹನ್ನೆರಡು ತೆನೆ ಸೀರೆಯ ಮಡಿಕೆಯಲ್ಲಿಟ್ಟು ತಂದರು.
ವಿಮಾನ ನಿಲ್ದಾಣದಲ್ಲಿ ಬಿಡಿಸಿದರು, ಮೂಸಿದರು, ಏನಿದು?
ಅಕ್ಕಿ.
ಇಷ್ಟೇನಾ?
ನಕ್ಕು ಬಿಟ್ಟುಬಿಟ್ಟರು.
ಮುನ್ನೂರು ಮನೆ. ನಾನು ಲೆಕ್ಕ ಹಾಕಿದೆ:
ಮನೆಗೆ ಆರು ಕಾಳು, ಪಾಯಸಕ್ಕೆ.
ಮಾತೆಗೆ ಮಕ್ಕಳು ಎಸೆದ ಹೂವು
ಮುನಿಸಿಪಾಲಿಟಿ ಸರ್ಕಲಿನದು. ಇದನ್ನು ಅಚ್ಚು ಹಾಕಿಸಬೇಡಿ.

ಕೊನೆಗೆ ದಾಖಲೆಗಳು. ಜ್ಞಾನಸ್ನಾನ ಸಾವಿರದ ನಾನೂರ ಆರು.
ಮದುವೆ ತೊಂಬತ್ತ ಎರಡು.
ಮರಣದ ಪುಸ್ತಕದಲ್ಲಿ ಮೂರೇ ಹೆಸರು, ಆಮೇಲೆ ಬರೀ ಗೆರೆ.
ಸಿಮೆಂಟರಿಯಿಲ್ಲದ ಇಗರ್ಜಿ ಇದು:
ಮುದುಕರಾಗುವುದಕ್ಕೆ ಇಲ್ಲಿ ವೀಸಾ ಕೊಡುವುದಿಲ್ಲ.
ಮುಚ್ಚಬೇಕೆನ್ನುವಾಗ ಹಿಂದಿನ ಹಾಳೆಗಳಲ್ಲಿ ಸೀಸದಕಡ್ಡಿಯ ಅಕ್ಷರ,
ಹಳೆಯ ಮಿರ್ಣ್ಯಾಲನದು: 'ಹೋದವರು'.
ಕಜೆತಾನ್ ಮಿನೇಜಸ್, ಅರುವತ್ತು, ಗುರುವಾರ ರಾತ್ರಿಯ ವಿಮಾನ,
ಸಾಮಾನು ಮೂವತ್ತೆಂಟು ಕಿಲೋ, ಕರಣಿ ಸೇರಿ.
ಸೆವ್ರಿನ್ ಬಾಯಿ, ನಲವತ್ತ ಎರಡು. ಹೆಚ್ಚಿನ ಎರಡಕ್ಕೆ ದಂಡ ಕಟ್ಟಿದ್ದು.
ಹೀಗೆ ಹನ್ನೊಂದು ಹಾಳೆ.
ತೂಕ ಯಾಕೆ ಬರೆದನೋ.

ನನ್ನ ಕಾಗದ ಅಕ್ಟೋಬರದ ಹದಿನಾಲ್ಕಕ್ಕೆ ಮುಗಿಯುತ್ತದೆ ಫಾದರ್,
ನವೆಂಬರಿಗೆ ಇರುವುದಿಲ್ಲ.
ಎರಡು ಪುಟ ಮೀರಿದ್ದರೆ ಎಲ್ಲಿ ಬೇಕಾದರೂ ಕತ್ತರಿಸಿ,
ತೊಟ್ಟಿಯ ವಿಷಯ ಒಂದು ಬಿಟ್ಟು.
ಸಾಮಾನು ನಾನಿನ್ನೂ ತೂಗಿಲ್ಲ.